ಕ್ಯಾಸೆಟ್ಟಿನಲ್ಲಿ ಹಿಡಿಸದ ಮೂರನೇ ಚರಣ

"ಸಾಯಂಕಾಲ ನಾನು ನಡ್ಕೊಂಡೇ ಬರ್ತೀನಿ. ನಂಗೆ ಸ್ಕೂಟರ್ ಬೇಡ."

ಗಿಲಕಿ ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದು ಬೂಟನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಮ್ಮ ಅಡುಗೆಮನೆಯಿಂದಲೇ ಕೂಗಿದಳು.

"ಮತ್ತೆ ಶುರುವಾಯ್ತಾ ನಿನ್ನ ರಾಗ? ಮನೆ ಬಾಗಿಲಿಗೆ ತಂದು ಬಿಡೋರು ಇದಾರಲ್ಲ, ಅದಕ್ಕೇ ಕೊಬ್ಬು."

"ಹಾಗಾದ್ರೆ ನೀನೇ ಬಾ."

"ನಾನು ಬಂದ್ರೆ ಫ್ಯಾಕ್ಟರೀಲಿ ಇಸ್ತ್ರಿ ಯಾರು ಹಾಕ್ತಾರೆ, ನಿನ್ನ ಗೊಂಬೆನಾ?"

ಹಿಂದೆಲ್ಲ ಇಂಥ ಮಾತಿಗೆ ಗಿಲಕಿಯ ಬಾಯಿಂದ ತಕ್ಷಣ ಒಂದು ಉತ್ತರ ಬರುತ್ತಿತ್ತು. ನಿದ್ದೆಯಲ್ಲೂ ಬಾಯಿ ಮುಚ್ಚದವಳು ಎಂದೇ ತಾತ ಅವಳಿಗೆ ಆ ಹೆಸರಿಟ್ಟಿದ್ದ. ಆವತ್ತು ಉತ್ತರ ಬರಲಿಲ್ಲ. ಅವಳು ಕೂತು ಇನ್ನೊಂದು ಬೂಟನ್ನೂ ಹಾಕಿಕೊಂಡು ಹೋದಳು. ಹೀಗಾಗುತ್ತಿದ್ದುದು ಆವತ್ತೊಂದೇ ದಿನವಲ್ಲ. ಮನೆಯವರು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡಿದ್ದರು. "ಎಂಟು ತುಂಬಿತಲ್ಲ, ಸ್ವಲ್ಪ ಗಂಭೀರ ಆಗಿದಾಳೆ" ಎಂದು ತಾತ ಹೇಳಿದ್ದ. "ಒಳ್ಳೇದೇ ಆಯ್ತು, ಕಿವಿಗೆ ಆರಾಮ" ಎಂದು ಅಮ್ಮ ನಕ್ಕಿದ್ದಳು.

ಗಿಲಕಿಯ ಅಪ್ಪ ಲಾರಿ ಓಡಿಸುತ್ತಾನೆ. ಹೋದರೆ ವಾರಗಟ್ಟಲೆ ಬರುವುದಿಲ್ಲ. ಅಮ್ಮ ಬಟ್ಟೆ ಫ್ಯಾಕ್ಟರಿಯ ಇಸ್ತ್ರಿ ವಿಭಾಗದಲ್ಲಿದ್ದಾಳೆ. ಅವಳು ಮನೆಗೆ ಬರುವ ಹೊತ್ತಿಗೆ ಬೀದಿದೀಪ ಹತ್ತಿರುತ್ತದೆ. ತಾತನಿಗೆ ಹಿಂದಿನ ವರ್ಷ ಹೃದಯದ ಚಿಕಿತ್ಸೆಯಾಗಿದೆ, ದೂರ ನಡೆಯುವಂತಿಲ್ಲ. ಹಾಗಾಗಿ ಗಿಲಕಿಯನ್ನು ಶಾಲೆಯಿಂದ ಕರೆದುಕೊಂಡು ಬರುತ್ತಿದ್ದವನು ತಾತನ ಗೆಳೆಯ. ಗಿಲಕಿಗೆ ಅವನು ಸ್ಕೂಟರ್ ತಾತ, ಅವಳಮ್ಮನಿಗೆ ಚಿಕ್ಕಪ್ಪ. ರಕ್ತಸಂಬಂಧವೇನಿಲ್ಲ. ಆದರೂ ಆ ಮನೆಯಲ್ಲಿ ಅವನು ಕೇಳದೆ ಫ್ರಿಜ್ ತೆಗೆದು ನೀರು ಕುಡಿಯುವಷ್ಟು ಸಲುಗೆ.

ಆ ಸಲುಗೆ ಬೆಳೆದದ್ದು ತಾತನ ಅಂಗಡಿಯಲ್ಲಿ.

ಮನೆಯ ಮುಂಭಾಗದಲ್ಲೇ ಇರುವ ಅದು ಈಗ ಮೊಬೈಲ್ ರಿಪೇರಿ ಅಂಗಡಿ. ಒಡೆದ ಗಾಜು ಹಾಕಿಸಲು ಬರುವ ಹುಡುಗರಿಗೆ ಅದರ ಹಳೆಯ ಕಥೆ ಗೊತ್ತಿಲ್ಲ. ಒಂದು ಕಾಲದಲ್ಲಿ ಅದು ಆ ಭಾಗಕ್ಕೆಲ್ಲ ಒಂದೇ ಒಂದು ರೆಕಾರ್ಡಿಂಗ್ ಅಂಗಡಿಯಾಗಿತ್ತು. ತಾತನನ್ನು ಇವತ್ತಿಗೂ ಜನ ಕರೆಯುವುದು 'ಕ್ಯಾಸೆಟ್ಟಣ್ಣ' ಎಂದೇ. ಖಾಲಿ ಕ್ಯಾಸೆಟ್ ತಂದುಕೊಟ್ಟು, ಬೇಕಾದ ಹಾಡುಗಳ ಹೆಸರು ಹೇಳಿದರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದ. ಮದುವೆಗೆ ಬೇರೆ, ಬಸ್ಸಿಗೆ ಬೇರೆ, ಪ್ರೀತಿಯಲ್ಲಿ ಸೋತವರಿಗೆ ಬೇರೆ. ಸೋತವರಿಗೆ ಒಂದು ಹಾಡು ಹೆಚ್ಚಿಗೆ ಹಾಕುತ್ತಿದ್ದ ಎಂದು ಜನ ಹೇಳುತ್ತಾರೆ. ಸಂಜೆ ಅಂಗಡಿಯ ಮುಂದೆ ಸೈಕಲ್‌ಗಳು ಒಂದರ ಮೇಲೊಂದು ಒರಗಿರುತ್ತಿದ್ದವು. ಒಳಗೆ ಹಾಡು ತುಂಬಿಸುವ ಟೇಪ್ ಡೆಕ್ಕು ಬಿಸಿಯಾದ ವಾಸನೆ, ಹೊರಗೆ ಪೆಟ್ಟಿಗೆಯಂಥ ಸ್ಪೀಕರಿನ ಸದ್ದು. ಸಿಕ್ಕಿಕೊಂಡ ಟೇಪಿಗೆ ಪೆನ್ಸಿಲ್ ತೂರಿಸಿ ತಿರುಗಿಸುತ್ತ ಹುಡುಗಿಯರು ಹುಡುಗರನ್ನು ನೋಡದಂತೆ ನೋಡುತ್ತಿದ್ದರು.

ಒಂದು ಸಲ ವೈರು ಸುಟ್ಟು ಅಂಗಡಿಗೆ ಬೆಂಕಿ ಬಿದ್ದಿತು. ಹೊಗೆಯೊಳಗೆ ನುಗ್ಗಿ, ಅಷ್ಟು ಭಾರದ ಡೆಕ್ಕನ್ನು ತಲೆಯ ಮೇಲೆ ಹೊತ್ತು ತಂದವನು ಇದೇ ಸ್ಕೂಟರಿನ ಗೆಳೆಯ. ಆವತ್ತಿನಿಂದ ಅವನು ಮನೆಯವನಾದ.

ಆ ಕಾಲದ ಒಂದು ಪಾಪ್ ಹಾಡು ಅಂಗಡಿಯಲ್ಲಿ ದಿನಕ್ಕೆ ಹತ್ತಾರು ಸಲ ತಿರುಗುತ್ತಿತ್ತು. ಕುಣಿಸುವಂಥ ತಾಳ. ತಾತನ ಮಗಳು, ಅಂದರೆ ಗಿಲಕಿಯ ಅಮ್ಮ, ಮತ್ತು ಅವಳ ಗೆಳತಿ ಶಾಲೆಯ ವಾರ್ಷಿಕೋತ್ಸವದಲ್ಲಿ ಅದಕ್ಕೆ ಕುಣಿದಿದ್ದರು. ತುಟಿಯ ಮೇಲೆ ಬೆರಳು, ಒಂದು ಸುತ್ತು, ಆಮೇಲೆ ಕೈ ಅಲ್ಲಾಡಿಸಿ 'ಇಲ್ಲ, ಇಲ್ಲ'. ಈ ಕುಣಿತ ಅಲ್ಲಿ ಎಷ್ಟು ಹಬ್ಬಿತೆಂದರೆ ಮದುವೆಗಳಲ್ಲಿ ಅಜ್ಜಿಯರೂ ತುಟಿಯ ಮೇಲೆ ಬೆರಳಿಟ್ಟು ಒಂದು ಸುತ್ತು ಸುತ್ತುತ್ತಿದ್ದರು.

*ಯಾರಿಗೂ ಹೇಳಲ್ಲ, ನಾ ಯಾರಿಗೂ ಹೇಳಲ್ಲ,*
*ನೀ ಬಂದ ಸುದ್ದಿ, ನೀ ಹೋದ ಸುದ್ದಿ, ಯಾರಿಗೂ ಹೇಳಲ್ಲ.*

ಕದ್ದು ಭೇಟಿಯಾಗುವ ಪ್ರೇಮಿಗಳ ಹಾಡು ಎಂದು ಎಲ್ಲರೂ ತಿಳಿದಿದ್ದರು. ಅದನ್ನು ಕೇಳಿಯೇ ಮದುವೆಯಾದ ಜೋಡಿಗಳೂ ಇದ್ದವು.

ಈಗ ಮಗಳ ತರಗತಿಯವರೆಲ್ಲ ಸೇರಿ ಹಳೆಯ ವಿದ್ಯಾರ್ಥಿಗಳ ಕೂಟ ಮಾಡುವವರಿದ್ದರು. ಆ ಹಾಡು ಇರಲೇಬೇಕು, ಅದೇ ಕುಣಿತ ಇರಲೇಬೇಕು, ಮುಂದಿನ ಸಾಲಿನಲ್ಲಿ ಗಿಲಕಿ ಕುಣಿಯಬೇಕು ಎಂದು ತೀರ್ಮಾನವಾಗಿತ್ತು. ಗಿಲಕಿ ಮೊದಲು ಒಪ್ಪಿದ್ದಳು. ಅಮ್ಮನ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಕಲಿತೂ ಇದ್ದಳು. ಆಮೇಲೆ ತುಟಿಯ ಮೇಲೆ ಬೆರಳಿಡುವ ಜಾಗ ಬಂದರೆ ನಿಂತುಬಿಡುತ್ತಿದ್ದಳು.

ಒಂದು ಭಾನುವಾರ ಅಂಗಡಿಯ ಕೌಂಟರ್ ಪಕ್ಕಕ್ಕೆ ಸರಿಸಿ ಅಭ್ಯಾಸ ನಡೆದಿತ್ತು. ತಾತ ಕುರ್ಚಿಯಲ್ಲಿದ್ದ. ಮಗಳ ಗೆಳತಿ, ಅಂದರೆ ಆವತ್ತು ಜೊತೆಯಲ್ಲಿ ಕುಣಿದವಳು, ಈಗ ಆಸ್ಪತ್ರೆಯಲ್ಲಿ ನರ್ಸು. ಬೀದಿಯವರಿಗೆಲ್ಲ ನರ್ಸಕ್ಕ. ಅವಳು ತಾತನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿದ್ದಳು.

"ಮಾವ, ಕೈ ಅಲ್ಲಾಡಿಸಬೇಡಿ."

"ಹಾಡು ಕೇಳಿದ್ರೆ ಕೈ ತಾನಾಗೇ ಅಲ್ಲಾಡುತ್ತಮ್ಮ. ನಿಮ್ಮ ಕಾಲದ ಕಾಲುಗಳು ಈಗ ಎಲ್ಲಿ? ನನ್ನ ಮಗಳು ಸುತ್ತು ಹೊಡೆಯೋದು ನೋಡಿದ್ರೆ ಲಾರಿ ರಿವರ್ಸ್ ತಗೊಂಡ ಹಾಗಿದೆ."

"ಅಪ್ಪಾ!" ಎಂದು ಮಗಳು ಏದುಸಿರು ಬಿಡುತ್ತ ನಕ್ಕಳು. "ಗಿಲಕಿ, ಬೆರಳು ಇಡೇ. ಎಷ್ಟು ಸಲ ಹೇಳೋದು?"

ಗಿಲಕಿ ಬೆರಳಿಡಲಿಲ್ಲ. ಅವಳು ತಾತನ ಹತ್ತಿರ ಬಂದು ಕುರ್ಚಿಯ ಕೈ ಹಿಡಿದು ನಿಂತಳು.

"ತಾತ, ಆ ಮಗು ಆಮೇಲೆ ಯಾರಿಗಾದ್ರೂ ಹೇಳ್ತಾ?"

"ಯಾವ ಮಗು?"

"ಹಾಡಲ್ಲಿರೋ ಮಗು."

ತಾತ ಜೋರಾಗಿ ನಕ್ಕ. "ಹಾಡಲ್ಲಿ ಮಗು ಎಲ್ಲಿಂದ ಬಂತೇ? ಅದು ಲವ್ ಸಾಂಗು! ನಿಮ್ಮಮ್ಮ ಅಪ್ಪ ಇದನ್ನ ಕೇಳಿ ಕೇಳಿನೇ ಕೆಟ್ಟಿದ್ದು."

ಗಿಲಕಿ ನಗಲಿಲ್ಲ. "ಕೊನೇಲಿ ಬರುತ್ತಲ್ಲ" ಎಂದು ಹೇಳಿ ಒಳಗೆ ಹೋದಳು.

ನರ್ಸಕ್ಕ ಬಿ.ಪಿ. ಪಟ್ಟಿ ಬಿಚ್ಚುವುದನ್ನು ನಿಲ್ಲಿಸಿ ಅವಳು ಹೋದ ಕಡೆ ನೋಡಿದಳು.

"ಕೊನೇಲಿ ಏನು ಬರುತ್ತೆ, ಮಾವ?"

"ಏನೂ ಇಲ್ಲ. ಎರಡು ಚರಣ ಆದ ಮೇಲೆ ಪಲ್ಲವಿ, ಮುಗೀತು."

"ಮೊಬೈಲಲ್ಲಿ ಇನ್ನೂ ಓಡ್ತಿದೆ ನೋಡಿ."

ಹೌದು, ಓಡುತ್ತಿತ್ತು. ಆ ಬೀದಿಯ ಯಾರೂ ಅದನ್ನು ಯಾವತ್ತೂ ಕೇಳಿರಲಿಲ್ಲ. ಅದಕ್ಕೆ ಕಾರಣ ಕ್ಯಾಸೆಟ್ಟಣ್ಣನ ಕೈಚಳಕ. ಕ್ಯಾಸೆಟ್ಟಿನ ಒಂದು ಬದಿಗೆ ಇಷ್ಟೇ ನಿಮಿಷ ಎಂದಿರುತ್ತದೆ. ಗಿರಾಕಿಗಳಿಗೆ ಒಂದಾದರೂ ಹಾಡು ಹೆಚ್ಚಿಗೆ ಬೇಕು. ಅದಕ್ಕೆ ಅವನು ಉದ್ದದ ಹಾಡುಗಳನ್ನು ಎರಡನೇ ಚರಣದ ಪಲ್ಲವಿಗೇ ಮೆಲ್ಲಗೆ ಇಳಿಸಿಬಿಡುತ್ತಿದ್ದ. ಹಾಡು ಅಲ್ಲಿಗೇ ಮುಗಿಯಿತೇನೋ ಅನ್ನಿಸುವಷ್ಟು ನಯವಾಗಿ ಇಳಿಸುತ್ತಿದ್ದ. 'ಮೂರನೇ ಚರಣದಲ್ಲಿ ಹೊಸದೇನಿರುತ್ತೆ, ಅದೇ ರಾಗ' ಎನ್ನುವುದು ಅವನ ವಾದ. ಮದುವೆಗಳಲ್ಲಿ, ಬಸ್ಸುಗಳಲ್ಲಿ, ಶಾಲೆಯ ವೇದಿಕೆಯ ಮೇಲೆ ಓಡಿದ್ದೆಲ್ಲ ಅವನು ತುಂಬಿಸಿದ ಕ್ಯಾಸೆಟ್ಟುಗಳೇ. ಮೊಬೈಲಿನಲ್ಲಿ ಪೂರ್ತಿ ಹಾಡು ಬಂದ ಮೇಲೂ ಎರಡು ಚರಣ ಆದ ಕೂಡಲೇ ಇವರೆಲ್ಲ ಚಪ್ಪಾಳೆ ತಟ್ಟಿ ಮಾತಿಗೆ ಕೂರುತ್ತಿದ್ದರು.

ನರ್ಸಕ್ಕ ಹಾಡನ್ನು ಮೊದಲಿಂದ ಹಾಕಿದಳು.

"ಎಲ್ಲರೂ ಸುಮ್ನೆ ಕೂತ್ಕೊಳ್ಳಿ. ಒಂದು ಸಲ ಕುಣಿಯದೆ ಕೇಳೋಣ."

*ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು, ನಿದ್ದೆ ಹಾರಿ ಹೋಯ್ತು,*
*ಬಾಗಿಲ ಚಿಲಕ ಅಲುಗಿದ ಕೂಡಲೆ ಎದೆಯು ಢವಗುಟ್ಟಿತು.*

*ಕೆಂಪು ರಿಬ್ಬನು ತಂದೆ ನೀನು, ಬೆರಳು ತುಟಿಗೆ ಇಟ್ಟೆ,*
*ನಿನ್ನದು ನನ್ನದು ಗುಟ್ಟು ಅಂದೆ, ತಲೆಯಾಡಿಸಿ ಬಿಟ್ಟೆ.*

ತಾತ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಪಲ್ಲವಿ ಬಂತು, ಹೋಯಿತು. ವಾದ್ಯಗಳು ಒಂದೊಂದಾಗಿ ನಿಂತವು. ಹಾಡುವವಳ ದನಿಯೊಂದೇ ಉಳಿಯಿತು.

*ನಿನ್ನ ಸೊಂಟಕೂ ಎಟುಕದು ತಲೆಯು, ಹಾಲುಹಲ್ಲಿನ ಬಾಯಿ,*
*ರಿಬ್ಬನು ನೀನೇ ತಗೊಂಡು ಹೋಗು, ಏಳಬಾರದೇ ತಾಯಿ?*

ತಾತನ ಕೈ ತೊಡೆಯ ಮೇಲೇ ನಿಂತಿತು. ಮಗಳು ಗೋಡೆಗೆ ಒರಗಿದಳು.

"ಅಯ್ಯೋ" ಎಂದಳು. "ಇದಕ್ಕೆ ನಾವು ಕುಣಿದ್ವಲ್ಲೇ."

"ನಮಗೆ ಗೊತ್ತಿರಲಿಲ್ಲ ಕಣೇ" ಎಂದಳು ನರ್ಸಕ್ಕ.

ತಾತ ಸುಲಭಕ್ಕೆ ಒಪ್ಪುವವನಲ್ಲ. "ಏನೋ ಬರೆದಿದಾರೆ ಬಿಡಮ್ಮ. ಪ್ರೀತಿ ಮಾಡಿದೋಳು ನಾನು ಚಿಕ್ಕವಳು ಅಂತ ಹೇಳಲ್ವಾ? ಅದಕ್ಕೆಲ್ಲ ಅರ್ಥ ಹುಡುಕ್ತಾ ಕೂತ್ರೆ ಒಂದು ಹಾಡೂ ಉಳಿಯಲ್ಲ."

"ಮಾವ, ಪ್ರೀತಿ ಮಾಡಿದವಳಿಗೆ ಹಾಲುಹಲ್ಲು ಇರುತ್ತಾ? ಮೊದಲ ಚರಣ ನೋಡಿ. ಹೆಜ್ಜೆ ಸದ್ದು ಕೇಳಿ ನಿದ್ದೆ ಹೋಗಿದೆ. ಕಾಯ್ತಾ ಇದ್ದವಳಿಗೆ ನಿದ್ದೆ ಎಲ್ಲಿಂದ ಬಂತು? ಅವಳು ಮಲಗಿದ್ಲು, ಅವನು ಬಂದ. ಎದೆ ಹೊಡ್ಕೊಂಡಿದ್ದು ಖುಷಿಗಲ್ಲ, ಭಯಕ್ಕೆ. ರಿಬ್ಬನ್ ಕೊಟ್ಟಿದ್ದು ಬಾಯಿ ಮುಚ್ಚಿಸೋಕೆ. ಗುಟ್ಟು ಅಂತ ಹೇಳಿದವನು ಅವನು, ಅವಳಲ್ಲ. ಪಕ್ಕದಲ್ಲೇ ತಾಯಿ ಮಲಗಿದಾಳೆ. ಒಂದು ಸಲ ಎದ್ದು ನೋಡಬಾರದಾ ಅಂತ ಆ ಮಗು ಕೇಳ್ತಿದೆ. ಬರೆದವರಿಗೆ ಇಂಥದ್ದು ಹೇಗೆ ನಡೆಯುತ್ತೆ ಅಂತ ಚೆನ್ನಾಗಿ ಗೊತ್ತಿತ್ತು."

"ಮತ್ತೆ ಕುಣಿಯೋ ಥರ ತಾಳ ಯಾಕೆ ಹಾಕಿದ್ರು?"

"ಹೊರಗಿನಿಂದ ನೋಡಿದ್ರೆ ಅಂಥ ಮನೆನೂ ಖುಷಿಯಾಗೇ ಕಾಣುತ್ತೆ, ಮಾವ."

ತಾತ ಮೊಬೈಲನ್ನು ಕೈಗೆತ್ತಿಕೊಂಡು ನೋಡಿದ. ಆಮೇಲೆ ನಿಧಾನಕ್ಕೆ ಹೇಳಿದ. "ಸಾವಿರ ಸಲ ತುಂಬಿಸಿದೀನಿ ಈ ಹಾಡನ್ನ. ನಾನು ಸೌಂಡ್ ಎಷ್ಟಿದೆ ಅಂತ ಡೆಕ್ಕಿನ ಸೂಜಿ ನೋಡ್ತಿದ್ದೆ. ಮಾತು ಕೇಳ್ತಾನೇ ಇರಲಿಲ್ಲ."

"ಹಾಡು ಹಾಗಿರಲಿ" ಎಂದಳು ನರ್ಸಕ್ಕ. ಅವಳ ದನಿ ತಗ್ಗಿತ್ತು. "ನಾವು ಇಷ್ಟು ಜನ ಇಷ್ಟು ವರ್ಷ ಕೇಳಿದ್ವಿ. ನಮಗೆ ಗೊತ್ತಾಗದೇ ಇದ್ದಿದ್ದು ಎಂಟು ವರ್ಷದ ಹುಡುಗಿಗೆ ಹೇಗೆ ಗೊತ್ತಾಯ್ತು? ಆ ಮಗು ಯಾರಿಗಾದ್ರೂ ಹೇಳ್ತಾ ಅಂತ ಅವಳಿಗೆ ಯಾಕೆ ಬೇಕು?"

ಮಗಳು ಒಳಕೋಣೆಯ ಕಡೆ ತಿರುಗಿದಳು. ನರ್ಸಕ್ಕ ಅವಳನ್ನು ಕೇಳಿದಳು.

"ಇತ್ತೀಚೆಗೆ ಅವಳಲ್ಲಿ ಏನಾದ್ರೂ ಬದಲಾಗಿದೆಯಾ?"

"ಮಾತು ಕಡಿಮೆಯಾಗಿದೆ. ಎರಡು ಸಲ ಹಾಸಿಗೆ ಒದ್ದೆ ಮಾಡ್ಕೊಂಡ್ಲು, ನಾನು ಬೈದೆ." ಮಗಳು ನರ್ಸಕ್ಕನ ಕೈ ಹಿಡಿದಳು. "ಸ್ಕೂಟರ್ ಹತ್ತಲ್ಲ ಅಂತಾಳೆ."

"ಏಯ್!" ತಾತ ಎದ್ದು ನಿಂತ. "ಏನು ಮಾತಾಡ್ತಿದೀರಿ ಅಂತ ಪ್ರಜ್ಞೆ ಇದೆಯಾ? ಅವನು ನನ್ನ ತಮ್ಮ ಇದ್ದ ಹಾಗೆ. ಬೆಂಕಿಯೊಳಗೆ ನುಗ್ಗಿದವನು ಅವನು. ನಿನ್ನನ್ನೂ ಹೆಗಲ ಮೇಲೆ ಕೂರಿಸ್ಕೊಂಡು ಓಡಾಡಿಲ್ವೇನೇ? ಒಂದು ಹಾಡು ಕೇಳಿ ಮನುಷ್ಯನ ಮೇಲೆ ಇಂಥ ಮಾತು ಹೊರಿಸ್ತೀರಾ?"

"ನಾನು ಯಾರ ಮೇಲೂ ಏನೂ ಹೊರಿಸಿಲ್ಲ, ಮಾವ. ಮಗು ಏನೋ ಕೇಳಿದೆ. ಯಾಕೆ ಅಂತ ತಿಳ್ಕೋಬೇಕು, ಅಷ್ಟೇ."

"ನಾನೇ ಹೋಗಿ ಅವನನ್ನ ಕೇಳ್ತೀನಿ. ಮುಖಾಮುಖಿ. ಒಂದು ನಿಮಿಷದ ಕೆಲಸ."

"ಬೇಡ." ನರ್ಸಕ್ಕ ಬಾಗಿಲಿಗೆ ಅಡ್ಡ ನಿಂತಳು. "ಏನೂ ಆಗಿಲ್ಲ ಅಂದ್ರೆ ಗೆಳೆತನ ಸುಮ್ನೆ ಹಾಳಾಗುತ್ತೆ. ಆಗಿದ್ರೆ ಅವರು ಇಲ್ಲ ಅಂತಾರೆ, ಆಮೇಲೆ ಮಗುವನ್ನ ಇನ್ನೂ ಹೆದರಿಸ್ತಾರೆ. ಮೊದಲು ಕೇಳಬೇಕಾದ್ದು ಮಗುವನ್ನ. ಅದೂ ಪೊಲೀಸರ ಥರ ಅಲ್ಲ."

ತಾತ ಕುರ್ಚಿಯಲ್ಲಿ ಕುಕ್ಕರಿಸಿದ. "ನಿಮ್ಮ ಇಷ್ಟ. ಏನೂ ಇಲ್ಲ ಅಂತ ತಿಳಿದ ಮೇಲೆ ಅವನ ಮುಂದೆ ನೀವು ಹೇಗೆ ಮುಖ ಎತ್ತುತ್ತೀರೋ ನೋಡ್ತೀನಿ."

ಗಿಲಕಿ ಒಳಕೋಣೆಯಲ್ಲಿ ಹಾಸಿಗೆಯ ತುದಿಯಲ್ಲಿ ಕೂತು ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತುತ್ತಿದ್ದಳು. ನರ್ಸಕ್ಕ ನೆಲದ ಮೇಲೆ ಕೂತಳು. ಅಮ್ಮ ಬಾಗಿಲು ಅರ್ಧ ಮುಚ್ಚಿ ಪಕ್ಕದಲ್ಲಿ ಕೂತಳು.

"ಗಿಲಕಿ, ಹಾಡನ್ನ ಪೂರ್ತಿ ಕೇಳಿದ್ವಿ. ನೀನು ಹೇಳಿದ್ದು ಸರಿ, ಅದರಲ್ಲಿ ಒಂದು ಮಗು ಇದೆ. ನಾವು ದೊಡ್ಡವರಾಗಿ ನಮಗೆ ಗೊತ್ತಾಗಿರಲಿಲ್ಲ."

ಗಿಲಕಿ ತಲೆ ಎತ್ತಿದಳು.

"ಆ ಮಗು ಯಾಕೆ ಹೇಳಲಿಲ್ಲ ಅಂತ ನಿನಗೆ ಅನ್ಸುತ್ತೆ?"

"ಹೇಳಿದ್ರೆ ಯಾರಿಗಾದ್ರೂ ಏನಾದ್ರೂ ಆಗುತ್ತಲ್ಲ."

"ಯಾರಿಗೆ?"

ರಬ್ಬರ್ ಬ್ಯಾಂಡ್ ಬೆರಳಿಗೆ ಬಿಗಿದು ತುದಿ ಕೆಂಪಾಯಿತು. "ನೀವು ಯಾರಿಗೂ ಹೇಳಲ್ವಾ, ನರ್ಸಕ್ಕ?"

ಇಲ್ಲಿ ಸುಳ್ಳು ಹೇಳುವುದು ಬಹಳ ಸುಲಭ. ನರ್ಸಕ್ಕ ಹೇಳಲಿಲ್ಲ. "ಹಾಗಂತ ಮಾತು ಕೊಡಲ್ಲ ಪುಟ್ಟ. ನಿನಗೆ ಯಾರಾದ್ರೂ ನೋವು ಮಾಡ್ತಿದ್ರೆ ಅದನ್ನ ನಿಲ್ಲಿಸಬೇಕು. ನಿಲ್ಲಿಸೋರಿಗೆ ಮಾತ್ರ ಹೇಳ್ತೀನಿ. ಹೇಳೋ ಮೊದಲು ನಿನಗೆ ತಿಳಿಸ್ತೀನಿ. ನಿನ್ನನ್ನ ಯಾರೂ ಬೈಯೋದಿಲ್ಲ."

"ಅಮ್ಮನೂ?"

"ಇಲ್ಲ ಕಂದ" ಎಂದಳು ಅಮ್ಮ. ಅಳು ಬಂದಿತ್ತು, ತಡೆದುಕೊಂಡಳು.

"ಹಾಗಾದ್ರೆ ಬಾಗಿಲು ಪೂರ್ತಿ ಹಾಕಿ. ತಾತ ಕೇಳಿಸ್ಕೋಬಾರದು."

ಬಾಗಿಲು ಹಾಕಿದರು. ಗಿಲಕಿ ಗೋಡೆ ನೋಡಿಕೊಂಡು ಹೇಳಿದಳು. ಸ್ಕೂಟರ್ ತಾತ ಸೀದಾ ಮನೆಗೆ ಕರೆದುಕೊಂಡು ಬರುವುದಿಲ್ಲ. ಮೊದಲು ಅವನ ಮನೆಗೆ ಕರೆದೊಯ್ಯುತ್ತಾನೆ. ಅಲ್ಲಿ ಮುಟ್ಟಬಾರದ ಕಡೆ ಮುಟ್ಟುತ್ತಾನೆ, ತನ್ನನ್ನೂ ಮುಟ್ಟಲು ಹೇಳುತ್ತಾನೆ. ಬೇಡ ಎಂದು ಅತ್ತರೆ ಆಟ ಎನ್ನುತ್ತಾನೆ.

"ಮನೇಲಿ ಹೇಳಿದ್ರೆ ತಾತನ ಹಾರ್ಟು ನಿಂತುಹೋಗುತ್ತೆ ಅಂದ್ರು. ಡಾಕ್ಟ್ರು ಹೇಳಿದಾರಂತೆ, ಕೆಟ್ಟ ಸುದ್ದಿ ಕೇಳಿದ್ರೆ ತಾತ ಸತ್ತೋಗ್ತಾರೆ ಅಂತ. ನಿಜಾನಾ, ನರ್ಸಕ್ಕ?"

ಅಷ್ಟು ದಿನ ಆ ಹುಡುಗಿ ಹೊತ್ತುಕೊಂಡಿದ್ದು ಇದನ್ನು. ತನ್ನ ಬಾಯಿ ಮುಚ್ಚಿ ತಾತನ ಜೀವ ಉಳಿಸುತ್ತಿದ್ದೇನೆ ಎಂದುಕೊಂಡಿದ್ದಳು.

"ನಿಜ ಅಲ್ಲ" ಎಂದಳು ನರ್ಸಕ್ಕ. "ನಿಮ್ಮ ತಾತನ ಹೃದಯ ಹೇಗಿದೆ ಅಂತ ನೋಡೋಳು ನಾನು. ಸ್ಕೂಟರ್ ತಾತನಿಗೆ ಗೊತ್ತಿಲ್ಲ, ನನಗೆ ಗೊತ್ತು. ನೀನು ಹೇಳಿದ್ದನ್ನ ನಾನು ನಂಬ್ತೀನಿ. ಇದರಲ್ಲಿ ನಿನ್ನ ತಪ್ಪು ಒಂಚೂರೂ ಇಲ್ಲ. ಹೇಳಿದ್ದು ಒಳ್ಳೇದಾಯ್ತು."

ಅವಳು ಅದಕ್ಕಿಂತ ಹೆಚ್ಚು ಕೆದಕಲಿಲ್ಲ. ಯಾವತ್ತು, ಎಷ್ಟು ಸಲ, ಯಾಕೆ ಕೂಗಲಿಲ್ಲ ಎಂದು ಕೇಳಲಿಲ್ಲ. ಅಮ್ಮ ಮಗಳನ್ನು ತಬ್ಬಿಕೊಂಡು ಕೂತಳು.

ನರ್ಸಕ್ಕ ಹೊರಗೆ ಬಂದು ತಾತನ ಎದುರು ಸ್ಟೂಲ್ ಎಳೆದು ಕೂತಳು. ಏನನ್ನೂ ಮುಚ್ಚಿಡದೆ ಹೇಳಿದಳು. ತಾತ ಮೊದಲು ತಲೆ ಅಲ್ಲಾಡಿಸಿದ. "ಇಲ್ಲ. ಅವನಲ್ಲ. ಮಗು ಕನಸು ಗಿನಸು..." ಎಂದ. ಹೃದಯ ನಿಂತುಹೋಗುತ್ತದೆ ಎಂಬ ಮಾತು ಬಂದಾಗ ಅವನ ತಲೆ ಅಲ್ಲಾಡುವುದು ನಿಂತಿತು.

"ಹಾಗಂದನಾ?"

"ಹೌದು ಮಾವ."

"ಡಾಕ್ಟರ್ ಹತ್ತಿರ ನನ್ನ ಜೊತೆ ಬಂದಿದ್ದವನು ಅವನೊಬ್ಬನೇ. ಹೆದರೋ ಹಾಗೇನಿಲ್ಲ, ಆರಾಮಾಗಿರಿ ಅಂತ ಡಾಕ್ಟರ್ ಹೇಳಿದ್ದು ಅವನ ಎದುರಿಗೇ." ತಾತ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. "ನನ್ನ ಕಾಯಿಲೆನ ಮಗು ಮೇಲೆ ಬಿಟ್ಟನಲ್ಲಮ್ಮ."

ಅವನು ಎದ್ದು ಒಳಗೆ ಹೋದ. ಗಿಲಕಿ ಅವನನ್ನು ನೋಡಿದ ಕೂಡಲೇ ಅಮ್ಮನ ಹಿಂದೆ ಸರಿದಳು. ತಾತ ಹಾಸಿಗೆಯ ಇನ್ನೊಂದು ತುದಿಯಲ್ಲಿ ಕೂತು ಅಂಗಿಯ ಮೇಲಿನ ಗುಂಡಿ ಬಿಚ್ಚಿದ.

"ಇಲ್ಲಿ ಕೈ ಇಟ್ಟು ನೋಡು."

ಗಿಲಕಿ ಹೆದರಿಕೊಂಡೇ ಎದೆಯ ಮೇಲೆ ಕೈ ಇಟ್ಟಳು.

"ಎಲ್ಲಾ ಕೇಳಿಸ್ಕೊಂಡು ಬಂದೆ. ನಿಂತಿದೆಯಾ?"

"ಇಲ್ಲ. ಹೊಡ್ಕೋತಿದೆ."

"ಹೊಡ್ಕೊಳ್ಳುತ್ತೆ. ಇನ್ನೂ ಎಂಥ ಸುದ್ದಿ ಹೇಳಿದ್ರೂ ಹೊಡ್ಕೊಳ್ಳುತ್ತೆ. ನನ್ನ ಉಳಿಸೋದು ಮಾತ್ರೆ ಕೆಲಸ, ನಿನ್ನ ಕೆಲಸ ಅಲ್ಲ."

ಅವಳು ಕೈ ತೆಗೆಯಲಿಲ್ಲ. ಬಹಳ ಹೊತ್ತು ಹಾಗೇ ಇಟ್ಟುಕೊಂಡು ಕೂತಿದ್ದಳು.

ಮುಂದಿನದೆಲ್ಲ ಸರಾಗವಾಗಿ ನಡೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನರ್ಸಕ್ಕ ಆಗಲೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು. ಮಾರನೆಯ ಬೆಳಿಗ್ಗೆ ಸಾದಾ ಬಟ್ಟೆಯ ಮಹಿಳಾ ಅಧಿಕಾರಿ ಮನೆಗೇ ಬಂದು ಗಿಲಕಿಯ ಜೊತೆ ಮಾತಾಡಿದಳು. ವೈದ್ಯರು ಅಮ್ಮನ ಎದುರಿನಲ್ಲೇ ಪರೀಕ್ಷೆ ಮಾಡಿದರು. ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ ಎಂದು ಪ್ರತಿಯೊಂದಕ್ಕೂ ಮೊದಲು ಮಗುವಿಗೆ ತಿಳಿಸಿದರು.

ಅದೇ ದಿನ ಮಧ್ಯಾಹ್ನ ಸ್ಕೂಟರ್ ಅಂಗಡಿಯ ಮುಂದೆ ನಿಂತಿತು. ಏನೂ ಮಾತಾಡಬೇಡಿ, ನಮ್ಮ ಕೆಲಸ ನಮಗೆ ಬಿಡಿ ಎಂದು ಅಧಿಕಾರಿ ತಾತನಿಗೆ ಹೇಳಿ ಹೋಗಿದ್ದಳು.

"ಏನಯ್ಯಾ, ಮುಖ ಯಾಕೆ ಹೀಗಿದೆ? ಮಾತ್ರೆ ತಗೊಂಡ್ಯಾ?" ಎಂದು ಗೆಳೆಯ ಎಂದಿನಂತೆ ಪೇಪರ್ ಎತ್ತಿಕೊಂಡ.

"ತಗೊಂಡೆ."

"ಗಿಲಕಿಗೆ ಹೊತ್ತಾಯ್ತು, ಹೊರಡ್ಲಾ?"

"ಬೇಡ. ಅವಳ ಅಮ್ಮನೇ ಹೋಗ್ತಾಳೆ."

"ನಾಳೆ?"

"ನಾಳೆನೂ."

ಗೆಳೆಯ ಪೇಪರ್ ಮಡಿಸಿಟ್ಟು ತಾತನ ಮುಖ ನೋಡಿದ. ಸ್ಕೂಟರಿನ ಕೀಲಿ ಎತ್ತಿಕೊಂಡು ಹೋದ. ಸಂಜೆಗೆ ಪೊಲೀಸರು ಅವನನ್ನು ಕರೆದೊಯ್ದರು. ತಾತ ಆ ರಾತ್ರಿ ಊಟ ಮಾಡದೆ ಅತ್ತ. ಅವನು ಅತ್ತದ್ದು ಮೊಮ್ಮಗಳಿಗಾಗಿ ಮಾತ್ರ ಎಂದು ಹೇಳಲಾಗದು. ಸೈಕಲ್‌ಗಳು ಒರಗಿರುತ್ತಿದ್ದ ಆ ಸಂಜೆಗಳಲ್ಲೆಲ್ಲ ಈ ಮನುಷ್ಯ ಪಕ್ಕದಲ್ಲಿದ್ದ. ಅವನನ್ನು ಅಲ್ಲಿಂದ ಕಿತ್ತು ತೆಗೆಯುವುದು ಹೇಗೆ? ಹಳೆಯ ದಿನಗಳು ಒಳ್ಳೆಯವೇ ಇದ್ದಿರಬಹುದು. ಹಾಗೆಂದು ಅವುಗಳಿಗಾಗಿ ಒಂದು ಮಗುವನ್ನು ಬಿಟ್ಟುಕೊಡಲು ಆಗುವುದಿಲ್ಲ. ಇದನ್ನು ತಾತನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಬೀದಿಯಲ್ಲಿ ಗುಸುಗುಸು ಎದ್ದಿತು. ಯಾವ ಮಗು, ಯಾರ ಮನೆ ಎಂದು ಕುಟುಂಬದವರು ಬಾಯಿ ಬಿಡಲಿಲ್ಲ. ಊಹಿಸಿಕೊಂಡ ಒಬ್ಬ ನೆರೆಯಾಕೆ ಮಾತ್ರ ನಲ್ಲಿಯ ಹತ್ತಿರ ಅಮ್ಮನನ್ನು ಹಿಡಿದು ನಿಲ್ಲಿಸಿದಳು.

"ಯಾವುದೋ ಮಗು ವಿಷಯ ಅಂತೆ. ಅಂಥದ್ದನ್ನೆಲ್ಲ ಬೀದಿಗೆ ತರಬಾರದಿತ್ತು ಕಣೇ. ಹುಡುಗಿ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆ ಹೋಗಿದ್ದು ಮಾಡಿದವನದು, ಅಕ್ಕ. ಮಗೂದು ಯಾಕೆ ಹೋಗುತ್ತೆ?" ಎಂದು ಅಮ್ಮ ಕೊಡ ಎತ್ತಿಕೊಂಡು ಬಂದಳು. ಅವಳು ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಕೇಳಿ ಪಡೆದಳು. ಗಿಲಕಿ ವಾರಕ್ಕೊಮ್ಮೆ ಆಪ್ತಸಮಾಲೋಚಕಿಯ ಹತ್ತಿರ ಹೋಗುತ್ತಾಳೆ. ಕೆಲವು ರಾತ್ರಿ ಇನ್ನೂ ಬೆಚ್ಚಿ ಏಳುತ್ತಾಳೆ. ಅದಕ್ಕೆ ಸಮಯ ಬೇಕು. ಹಳೆಯ ವಿದ್ಯಾರ್ಥಿಗಳ ಕೂಟ ನಡೆಯಿತು. ಇವರು ಹೋಗಲಿಲ್ಲ.

ಲಾರಿ ತಿರುಗಿ ಬಂದ ದಿನ ಎಲ್ಲರೂ ಊಟಕ್ಕೆ ಕೂತಿದ್ದರು. ಅಪ್ಪನಿಗೆ ಫೋನಿನಲ್ಲೇ ಎಲ್ಲ ಗೊತ್ತಾಗಿತ್ತು. ಮಗಳ ಜೊತೆ ಹೇಗೆ ಮಾತಾಡುವುದೆಂದು ತಿಳಿಯದೆ ಅವನು ತಟ್ಟೆ ನೋಡಿಕೊಂಡು ತಿನ್ನುತ್ತಿದ್ದ. ಗಿಲಕಿ ಚಮಚ ಕೆಳಗಿಟ್ಟಳು.

"ಅಪ್ಪಾ, ನಿಂಗೊಂದು ವಿಷಯ ಹೇಳ್ಬೇಕು."

ಅಪ್ಪನ ಕೈ ನಿಂತಿತು. ತಾತ ನೀರಿನ ಲೋಟ ಹಿಡಿದವನು ಹಾಗೇ ಉಳಿದ. "ಹೇಳು ಮಗಳೇ" ಎಂದ ಅಪ್ಪ. ಮೊಬೈಲನ್ನು ತಿರುವಿ ಮಗುಚಿಟ್ಟ.

"ನಿನ್ನ ನೀಲಿ ಅಂಗಿ ಇದೆಯಲ್ಲ, ಹೊಸದು? ಅಮ್ಮ ಇಸ್ತ್ರಿ ಹಾಕೋವಾಗ ಬೆನ್ನ ಮೇಲೆ ಸುಟ್ಟುಬಿಟ್ಲು. ಅಪ್ಪಂಗೆ ಹೇಳಬೇಡ ಅಂದ್ಲು. ನಾನು ಹೇಳ್ತೀನಿ ಅಂತ ಅವತ್ತೇ ಅವಳಿಗೆ ಹೇಳಿದ್ದೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ದಿನಕ್ಕೆ ನೂರಾರು ಅಂಗಿ ಇಸ್ತ್ರಿ ಹಾಕೋ ಕೈ!" ಎಂದು ತಾತ ಕೆಮ್ಮುವಷ್ಟು ನಕ್ಕ. ಅಪ್ಪ ನಗುತ್ತಿದ್ದನೋ ಅಳುತ್ತಿದ್ದನೋ ಗೊತ್ತಾಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು" ಎಂದಷ್ಟೇ ಹೇಳಿ ಮಗಳ ತಟ್ಟೆಗೆ ಇನ್ನಷ್ಟು ಬಡಿಸಿದ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ,

ನಿಮ್ಮ ಮನೆಯ ಮಗು ಒಬ್ಬರ ಜೊತೆ ಹೋಗಲು ಒಲ್ಲೆ ಎನ್ನುತ್ತಿದೆಯೇ? ಮಾತು ಕಡಿಮೆ ಮಾಡಿದೆಯೇ? ಬಿಟ್ಟಿದ್ದ ಅಭ್ಯಾಸಕ್ಕೆ ಮರಳಿ ಹಾಸಿಗೆ ಒದ್ದೆ ಮಾಡುತ್ತಿದೆಯೇ? ಹಟ ಎಂದು ಬೈಯುವ ಮೊದಲು ಪಕ್ಕದಲ್ಲಿ ಕೂತು ಯಾಕೆ ಎಂದು ಕೇಳಿ. ದೊಡ್ಡವರು 'ಯಾರಿಗೂ ಹೇಳಬೇಡ' ಎಂದ ಯಾವ ಮಾತನ್ನಾದರೂ ನಮಗೆ ಹೇಳಬಹುದು ಎಂದು ಇವತ್ತೇ ತಿಳಿಸಿ. ಮಗು ಹೇಳಿದರೆ ನಂಬಿ. ತಪ್ಪು ನಿನ್ನದಲ್ಲ ಎನ್ನಿ. ಅದನ್ನೇ ಹತ್ತು ಸಲ ಹೇಳಿಸಬೇಡಿ. ಆ ವ್ಯಕ್ತಿಯ ಬಳಿ ಜಗಳಕ್ಕೆ ಹೋಗಬೇಡಿ. ನೇರವಾಗಿ ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ನಿಮ್ಮ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಮಗುವಿನ ಹೆಸರನ್ನು ಬೀದಿಯಲ್ಲಿ ಆಡಬೇಡಿ.

ಮಕ್ಕಳಿಗೆ ಹಿಂಸೆ ಕೊಡುವವರು ಹೆಚ್ಚಾಗಿ ಅಪರಿಚಿತರಲ್ಲ. ಮಗು ಹೇಳುವ ಹೆಸರು ನಿಮಗೆ ಬಹಳ ಬೇಕಾದವರದೇ ಇರಬಹುದು. ಅದನ್ನು ಕೇಳುವಾಗ ನಿಮಗೆ ನೋವಾಗುತ್ತದೆ. ಆದರೂ ಮಗುವಿನ ಬಾಯಿಂದ ಆ ಹೆಸರು ಪೂರ್ತಿ ಹೊರಬರುವವರೆಗೆ ನೀವು ಸುಮ್ಮನಿರಿ.